ಊದುಕುಲುಮೆಯನ್ನು ಇನ್ನಷ್ಟು ಎತ್ತರಿಸಿದರೆ ಅನಿಲವೆಲ್ಲ ಬಳಕೆಯಾಗುವುದಿಲ್ಲವೇ?

ಪ್ರಶ್ನೆ — ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಸಂಡೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನನಗೇ ಒಪ್ಪಿಗೆಯಾಗದ ಕಾರಣ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಶಾಲೆಯ ಬಹಳಷ್ಟು ಮಕ್ಕಳ ಮನೆಯವರು ತೋರಣಗಲ್ಲಿನ ಕಡೆ ಉಕ್ಕಿನ ಕೆಲಸಕ್ಕೋ ಅದಿರಿನ ಲಾರಿಗೋ ಹೋಗುವವರು. ಆದ್ದರಿಂದ ಕಬ್ಬಿಣದ ಅದಿರಿನಿಂದ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕವನ್ನು ಕಿತ್ತುಕೊಂಡು ತಾನು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ ಎಂದು ಬೋರ್ಡಿನ ಮೇಲೆ ಬರೆದರೆ, ಅದು ಅವರಿಗೆ ಪುಸ್ತಕದ ಮಾತಾಗಿರದೆ ಮನೆಯ ಮಾತಾಗಿರುತ್ತದೆ. ಆ ಹುಡುಗನ ತಂದೆ ಊದುಕುಲುಮೆಗೆ, ಅಂದರೆ ಅದಿರಿನಿಂದ ಕಬ್ಬಿಣ ತೆಗೆಯುವ ಎತ್ತರದ ಕುಲುಮೆಗೆ, ಬಿಸಿಗಾಳಿ ಒದಗಿಸುವ ಸ್ಟೋವ್‌ಗಳ ವಿಭಾಗದಲ್ಲಿ ಕೆಲಸ ಮಾಡುತ್ತಾರೆ. ಕುಲುಮೆಯ ತಲೆಯಿಂದ ಹೊರಬರುವ ಅನಿಲವನ್ನೇ ಉರಿಸಿ ಆ ಸ್ಟೋವ್‌ಗಳನ್ನು ಕಾಯಿಸುತ್ತಾರೆಂದು ತಂದೆ ಹೇಳಿದ್ದನ್ನು ಕೇಳಿಸಿಕೊಂಡಿದ್ದ ಹುಡುಗ, "ಸರ್, ಆ ಅನಿಲ ಇನ್ನೂ ಉರಿಯುತ್ತದೆ ಎಂದರೆ ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಉಳಿದೇ ಇದೆ. ಅದಿರೂ ಅಲ್ಲೇ ಇದೆ. ಮತ್ತೆ ಯಾಕೆ ಬಿಟ್ಟು ಬರುತ್ತದೆ?" ಎಂದು ಕೇಳಿದ.

ಅದಿರನ್ನು ಮುಟ್ಟಲು ಅನಿಲಕ್ಕೆ ಸಮಯ ಸಾಲುವುದಿಲ್ಲ ಎಂದು ನಾನು ಹೇಳಿದೆ. "ಹಾಗಾದರೆ ಕುಲುಮೆಯನ್ನು ಇನ್ನೊಂದಿಷ್ಟು ಎತ್ತರ ಕಟ್ಟಿದರೆ ಆಯಿತಲ್ಲ ಸರ್" ಎಂದ. ನನ್ನಲ್ಲಿ ಮಾತಿರಲಿಲ್ಲ.

ಮನೆಗೆ ಬಂದು ಯೋಚಿಸಿದಾಗ ಗೊಂದಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಇದು ಎರಡೂ ದಿಕ್ಕಿಗೆ ಸಾಗುವ ರಿವರ್ಸಿಬಲ್ ಕ್ರಿಯೆ, ಆದ್ದರಿಂದ ಸಮತೋಲನದಲ್ಲಿ ನಿಲ್ಲುತ್ತದೆ ಎನ್ನೋಣವೆಂದರೆ, ಸುಣ್ಣದ ಕಲ್ಲು ಸುಟ್ಟು ಸುಣ್ಣವಾಗುವುದೂ ಅಂಥದೇ ಕ್ರಿಯೆಯೆಂದು ನಾವು ಓದಿದ್ದೇವೆ. ಆದರೆ ಸುಣ್ಣದ ಭಟ್ಟಿಯಲ್ಲಿ ಕಲ್ಲೆಲ್ಲ ಸುಣ್ಣವಾಗುತ್ತದೆ, ಅರ್ಧಕ್ಕೆ ನಿಲ್ಲುವುದಿಲ್ಲ. ಒಂದು ಮುಗಿಯುತ್ತದೆ, ಇನ್ನೊಂದು ನಡುವೆ ನಿಲ್ಲುತ್ತದೆ, ಎರಡಕ್ಕೂ ಹೆಸರು ಒಂದೇ. ಹತ್ತನೆಯ ತರಗತಿಯ ಮಕ್ಕಳಿಗೆ ಇದನ್ನು ಸುಳ್ಳು ಬೆರೆಸದೆ ಹೇಗೆ ತಿಳಿಸಬೇಕೆಂದು ಬಲ್ಲವರು ಹೇಳಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ — ಬಿ.ಇ. ವಿದ್ಯಾರ್ಥಿ, ಬಳ್ಳಾರಿ

ಸರ್, ನಿಮ್ಮ ವಿದ್ಯಾರ್ಥಿ ಹೇಳುವುದರಲ್ಲಿ ತಪ್ಪಿಲ್ಲವೆಂದು ನನಗೆ ಅನಿಸುತ್ತದೆ. ಎತ್ತರ ಹೆಚ್ಚಿಸುವುದು ದುಬಾರಿಯಾದ್ದರಿಂದ ಮಾಡುವುದಿಲ್ಲ, ಅಷ್ಟೇ. ಅದರ ಬದಲು ಒಳ್ಳೆಯ ಕ್ರಿಯಾವರ್ಧಕವನ್ನು (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು, ಕ್ಯಾಟಲಿಸ್ಟ್) ಬಳಸಿದರೆ ಅಥವಾ ಕುಲುಮೆಯೊಳಗಿನ ಒತ್ತಡವನ್ನು ಹೆಚ್ಚಿಸಿದರೆ ಕ್ರಿಯೆ ಪೂರ್ತಿಯಾಗಬಹುದು. ಅಮೋನಿಯಾ ತಯಾರಿಕೆಯಲ್ಲಿ ಈ ಎರಡನ್ನೂ ಮಾಡುತ್ತಾರಲ್ಲವೇ?

ಉತ್ತರ — ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ರಾಯಚೂರು

ಮೇಷ್ಟ್ರೇ, ನಿಮ್ಮ ಹುಡುಗನ ಸಲಹೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ನಿಜವಾಗಿಯೂ ಪ್ರಯೋಗಿಸಿ ನೋಡಿದ್ದರು ಎಂಬುದನ್ನು ಅವನಿಗೆ ಮೊದಲು ತಿಳಿಸಿರಿ, ಸಂತೋಷಪಡುತ್ತಾನೆ. ಕುಲುಮೆಯಿಂದ ಹೊರಬರುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಬಹಳಷ್ಟು ಉಳಿದಿರುವುದನ್ನು ಕಂಡ ಅಂದಿನ ಎಂಜಿನಿಯರುಗಳು, ನೀವು ಹೇಳಿದಂತೆಯೇ, ಅದಿರಿಗೂ ಅನಿಲಕ್ಕೂ ಸಂಪರ್ಕದ ಕಾಲ ಸಾಲದಾಗಿದೆಯೆಂದು ತೀರ್ಮಾನಿಸಿ ಕುಲುಮೆಗಳನ್ನು ಎತ್ತರಿಸುತ್ತ ಹೋದರು. ಇಂಗ್ಲೆಂಡಿನಲ್ಲಿ 30 ಮೀಟರ್ ಎತ್ತರದವರೆಗೂ ಕಟ್ಟಿದರು. ಹೊರಬರುವ ಕಾರ್ಬನ್ ಮಾನಾಕ್ಸೈಡಿನ ಪಾಲು ಮಾತ್ರ ಕಡಿಮೆಯಾಗಲಿಲ್ಲ. ಫ್ರಾನ್ಸಿನ ಲ ಶಾತೆಲಿಯೆ 1888ರಲ್ಲಿ ಈ ಸಂಗತಿಯನ್ನೇ ಎತ್ತಿಕೊಂಡು, ಕೆಲವು ಲಕ್ಷ ಫ್ರಾಂಕ್ ಸುರಿದು ಮಾಡಿದ ಈ ಪ್ರಯೋಗದಿಂದ ಸಿದ್ಧವಾದದ್ದು ಈ ಕ್ರಿಯೆಗೆ ಒಂದು ಮಿತಿಯಿದೆ ಎಂಬುದಷ್ಟೇ, ಸಮತೋಲನದ ನಿಯಮಗಳು ಗೊತ್ತಿದ್ದರೆ ಅದನ್ನು ಅಗ್ಗವಾಗಿಯೇ ತಿಳಿಯಬಹುದಿತ್ತು ಎಂಬ ಅರ್ಥದಲ್ಲಿ ಬರೆದಿದ್ದಾರೆ. ನಾವು ಪಿ.ಯು.ಸಿ.ಯಲ್ಲಿ ಬಾಯಿಪಾಠ ಮಾಡಿಸುವ ಲ ಶಾತೆಲಿಯೆ ತತ್ತ್ವದವರೇ ಇವರು; ಸಮತೋಲನದಲ್ಲಿರುವ ಕ್ರಿಯೆಯ ಒತ್ತಡವನ್ನೋ ಶಾಖವನ್ನೋ ಬದಲಿಸಿದರೆ ಅದು ಆ ಬದಲಾವಣೆಯನ್ನು ಕುಗ್ಗಿಸುವ ಕಡೆಗೆ ಸರಿಯುತ್ತದೆ ಎಂಬುದೇ ಆ ತತ್ತ್ವ. ಗಣಿ ಎಂಜಿನಿಯರಿಂಗ್ ಓದಿ ಸಿಮೆಂಟಿನ ಮೇಲೆ ಕೆಲಸ ಮಾಡಿದ ಮನುಷ್ಯ. ಆ ತತ್ತ್ವ ಬಂದದ್ದು ಕಾರ್ಖಾನೆಯ ಬೂದಿಯಿಂದ ಎಂಬುದನ್ನು ನಮ್ಮ ಪುಸ್ತಕಗಳು ಏಕೆ ಹೇಳುವುದಿಲ್ಲವೋ ನನಗೆ ಇಂದಿಗೂ ತಿಳಿಯದು.

ಈಗ ವಿಷಯಕ್ಕೆ ಬರುತ್ತೇನೆ. ಅದಿರಿನಿಂದ ಕಬ್ಬಿಣ ಬರುವ ಕೊನೆಯ ಹಂತದಲ್ಲಿ ಕಬ್ಬಿಣದ ಮಾನಾಕ್ಸೈಡಿನೊಂದಿಗೆ ಕಾರ್ಬನ್ ಮಾನಾಕ್ಸೈಡ್ ಸೇರಿ ಕಬ್ಬಿಣವೂ ಕಾರ್ಬನ್ ಡೈಆಕ್ಸೈಡೂ ಆಗುತ್ತವೆ. ಆದರೆ ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಸುಮ್ಮನೆ ಕೂರುವುದಿಲ್ಲ; ಆ ಬಿಸಿಯಲ್ಲಿ ಅದು ಹೊಸ ಕಬ್ಬಿಣಕ್ಕೆ ಆಮ್ಲಜನಕವನ್ನು ಮರಳಿ ಕೊಟ್ಟು ತಾನು ಮತ್ತೆ ಮಾನಾಕ್ಸೈಡ್ ಆಗಬಲ್ಲದು. ಮೊದಮೊದಲು ಕಾರ್ಬನ್ ಡೈಆಕ್ಸೈಡ್ ಕಡಿಮೆಯಿರುವುದರಿಂದ ಹಿಮ್ಮುಖ ಕ್ರಿಯೆ ನಿಧಾನ. ಅದು ಹೆಚ್ಚುತ್ತ ಹೋದಂತೆ ಹಿಮ್ಮುಖ ಕ್ರಿಯೆ ಚುರುಕಾಗಿ, ಒಂದು ಹಂತದಲ್ಲಿ ಕೊಡುವುದೂ ಕಿತ್ತುಕೊಳ್ಳುವುದೂ ಸರಿಸಮವಾಗುತ್ತವೆ. ಅಲ್ಲಿಂದಾಚೆಗೆ ಅಳತೆಗೆ ಸಿಗುವ ಬದಲಾವಣೆ ಇಲ್ಲ, ಒಳಗೆ ಕೆಲಸ ಮಾತ್ರ ಎರಡೂ ಕಡೆಗೆ ನಡೆದೇ ಇರುತ್ತದೆ. ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಈ ಸಮತೋಲನ ಬರುವುದು ಹತ್ತು ಪಾಲು ಅನಿಲದಲ್ಲಿ ಹೆಚ್ಚುಕಡಿಮೆ 7 ಪಾಲು ಮಾನಾಕ್ಸೈಡ್, 3 ಪಾಲು ಡೈಆಕ್ಸೈಡ್ ಇದ್ದಾಗ. ಸಮತೋಲನ ಎಂದೊಡನೆ ಮಕ್ಕಳು ತಕ್ಕಡಿಯನ್ನು ನೆನೆದು ಎರಡೂ ಕಡೆ ಐದೈದು ಎಂದುಕೊಳ್ಳುತ್ತಾರೆ. ಸಮವಾಗಬೇಕಾದದ್ದು ವೇಗ, ಪ್ರಮಾಣವಲ್ಲ. ಐದೈದರ ಮಿಶ್ರಣವನ್ನು ಆ ಶಾಖದ ಕಬ್ಬಿಣದ ಮೇಲೆ ಹಾಯಿಸಿದರೆ ಕಬ್ಬಿಣ ಉಳಿಯುವುದಿಲ್ಲ, ಮತ್ತೆ ಆಕ್ಸೈಡ್ ಆಗುತ್ತದೆ.

ಬಳ್ಳಾರಿಯ ವಿದ್ಯಾರ್ಥಿ ಮಿತ್ರರು ಬೇಸರಿಸಬಾರದು, ಅವರು ಸೂಚಿಸಿದ ಎರಡೂ ದಾರಿಗಳು ಇಲ್ಲಿ ನಡೆಯುವುದಿಲ್ಲ. ಕ್ರಿಯಾವರ್ಧಕವು ಮುಮ್ಮುಖ ಕ್ರಿಯೆಯನ್ನೂ ಹಿಮ್ಮುಖ ಕ್ರಿಯೆಯನ್ನೂ ಒಂದೇ ಪಟ್ಟು ಚುರುಕುಗೊಳಿಸುತ್ತದೆ; ಊರು ಬೇಗ ಮುಟ್ಟಬಹುದು, ಬೇರೆ ಊರು ಬರುವುದಿಲ್ಲ. ಒತ್ತಡದ ವಿಷಯದಲ್ಲಿ ಅನಿಲದ ಅಣುಗಳನ್ನು ಎಣಿಸಬೇಕು. ಅಮೋನಿಯಾದಲ್ಲಿ ನಾಲ್ಕು ಅಣುಗಳು ಸೇರಿ ಎರಡಾಗುತ್ತವೆ, ಆದ್ದರಿಂದ ಒತ್ತಿದರೆ ಕ್ರಿಯೆ ಎರಡರ ಕಡೆಗೆ ವಾಲುತ್ತದೆ. 1913ರಲ್ಲಿ ಜರ್ಮನಿಯ ಓಪೌದಲ್ಲಿ ಆರಂಭವಾದ ಕಾರ್ಖಾನೆ ಈ ಒತ್ತಡದ ಬಲದಿಂದಲೇ ನಡೆಯಿತು. ನಮ್ಮ ಕ್ರಿಯೆಯಲ್ಲಾದರೋ ಒಂದು ಅಣು ಮಾನಾಕ್ಸೈಡ್ ಹೋಗಿ ಒಂದು ಅಣು ಡೈಆಕ್ಸೈಡ್ ಬರುತ್ತದೆ. ಎಷ್ಟು ಒತ್ತಿದರೂ ಎರಡೂ ಕಡೆಗೆ ಭಾರ ಒಂದೇ. ಶಾಖ ಹೆಚ್ಚಿಸೋಣವೆಂದರೆ ಈ ಹಂತ ತುಸು ಶಾಖ ಬಿಡುವ ಬಹಿರುಷ್ಣಕ ಕ್ರಿಯೆಯಾದ್ದರಿಂದ ಪ್ರಮಾಣ ಇನ್ನಷ್ಟು ಕೆಡುತ್ತದೆ.

ತರಗತಿಗೆ ಒಂದು ಆಟವನ್ನು ಸೂಚಿಸುತ್ತೇನೆ. ನೂರು ಹುಣಸೆ ಬೀಜ ತೆಗೆದುಕೊಂಡು ಎರಡು ಗುಂಪುಗಳ ನಡುವೆ ಆಡಿಸಿರಿ. ಮೊದಲ ಗುಂಪು ಮಾನಾಕ್ಸೈಡ್, ಎರಡನೆಯದು ಡೈಆಕ್ಸೈಡ್. ಪ್ರತಿ ಸುತ್ತಿನಲ್ಲೂ ಮೊದಲ ಗುಂಪು ತನ್ನಲ್ಲಿರುವುದರ ನೂರಕ್ಕೆ 15ರಷ್ಟನ್ನೂ ಎರಡನೆಯ ಗುಂಪು ನೂರಕ್ಕೆ 35ರಷ್ಟನ್ನೂ ಏಕಕಾಲಕ್ಕೆ ಎದುರು ಗುಂಪಿಗೆ ಕೊಡಲಿ, ಬೀಜವನ್ನು ಒಡೆಯಲಾಗದ್ದರಿಂದ ಹತ್ತಿರದ ಪೂರ್ಣಸಂಖ್ಯೆ ಹಿಡಿಯಲಿ. ಲೆಕ್ಕ ಮುಂದೆ ಎಲ್ಲಿಗೆ ಹೋಗುತ್ತದೆಂದು ನಾನು ಹೇಳುವುದಿಲ್ಲ, ಮಕ್ಕಳೇ ಕಾಣಲಿ.

ಉತ್ತರ — ಉಕ್ಕು ಸ್ಥಾವರದ ಶಿಫ್ಟ್ ಎಂಜಿನಿಯರ್, ತೋರಣಗಲ್ಲು

ಉಪನ್ಯಾಸಕರ ಮಾತಿಗೆ ಕುಲುಮೆಯ ಪಕ್ಕದಲ್ಲಿ ನಿಂತವನಾಗಿ ಒಂದು ಸಣ್ಣ ತಿದ್ದುಪಡಿ ಮಾಡುತ್ತೇನೆ. 7ಕ್ಕೆ 3 ಎಂಬುದು ಕೊನೆಯ ಹಂತದ ಪ್ರಮಾಣ. ಕುಲುಮೆಯ ತಲೆಯಲ್ಲಿ ನಾವು ಕಾಣುವುದು ಅದಲ್ಲ. ದೊಡ್ಡ ಕುಲುಮೆಗಳ ತಲೆಯ ಅನಿಲದಲ್ಲಿ ಸುಮಾರು ಅರ್ಧ ನೈಟ್ರೋಜನ್ ಇರುತ್ತದೆ, ಉಳಿದದ್ದರಲ್ಲಿ ಮಾನಾಕ್ಸೈಡೂ ಡೈಆಕ್ಸೈಡೂ ಹೆಚ್ಚುಕಡಿಮೆ ಸಮಸಮ, ಒಂದೊಂದೂ ಒಟ್ಟು ಅನಿಲದ ಶೇಕಡಾ 20ರ ಮೇಲೆ. ಇದು ಹೇಗೆಂದರೆ, ಅದಿರು ಒಂದೇ ಏಟಿಗೆ ಕಬ್ಬಿಣವಾಗುವುದಿಲ್ಲ. ಸಂಡೂರಿನ ಹೆಮಟೈಟ್ (ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕವಿರುವ ಅದಿರು) ಮೇಲಿನಿಂದ ಇಳಿಯುತ್ತ ಮೊದಲು ಆಮ್ಲಜನಕ ತುಸು ಕಡಿಮೆಯಿರುವ ಮ್ಯಾಗ್ನಟೈಟ್, ಆಮೇಲೆ ಕಬ್ಬಿಣದ ಮಾನಾಕ್ಸೈಡ್, ಕೊನೆಗೆ ಕಬ್ಬಿಣ ಆಗುತ್ತದೆ. ಅನಿಲ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಕೆಳಗಿನ ಹಂತದಲ್ಲಿ ಸೋತು ಬಂದ ಅನಿಲ ಮೇಲಿನ ಹಂತಗಳಿಗೆ ಇನ್ನೂ ಸಾಕಷ್ಟು ಬಲವಾಗಿಯೇ ಇರುತ್ತದೆ, ಏಕೆಂದರೆ ಅಲ್ಲಿ ಆಮ್ಲಜನಕವನ್ನು ಕೀಳಲು ಅಷ್ಟೊಂದು ಮಾನಾಕ್ಸೈಡ್ ಬೇಕಿಲ್ಲ.

ಮಕ್ಕಳಿಗೆ ಈ ಲೆಕ್ಕ ಹಾಕಿಸಬಹುದು. ಕೆಳಗಿನಿಂದ 10 ಅಣು ಮಾನಾಕ್ಸೈಡ್ ಬಂತೆನ್ನಿ. ಕೊನೆಯ ಹಂತದಲ್ಲಿ 3 ಮಾತ್ರ ಕೆಲಸ ಮಾಡಿ 3 ಕಬ್ಬಿಣ ಕೊಡುತ್ತವೆ, 7 ಉಳಿಯುತ್ತವೆ. ಆ 3 ಕಬ್ಬಿಣದ ಮಾನಾಕ್ಸೈಡ್ ಬಂದದ್ದು ಒಂದೂವರೆ ಹೆಮಟೈಟ್‌ನಿಂದ; ಅದರಲ್ಲಿದ್ದ ಆಮ್ಲಜನಕ ನಾಲ್ಕೂವರೆ, ಅಂದರೆ ಮೇಲಿನ ಹಂತಗಳಲ್ಲಿ ಕೀಳಬೇಕಾದದ್ದು ಇನ್ನು ಒಂದೂವರೆ. 7ರಲ್ಲಿ ಒಂದೂವರೆ ಕಳೆಯಿರಿ, ಐದೂವರೆ ಮಾನಾಕ್ಸೈಡ್ ಉಳಿದು ನಾಲ್ಕೂವರೆ ಡೈಆಕ್ಸೈಡ್ ಆಗಿರುತ್ತದೆ. ತಲೆಯ ಅನಿಲದಲ್ಲಿ ಎರಡೂ ಏಕೆ ಹತ್ತಿರಹತ್ತಿರ ಇರುತ್ತವೆ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ. ಕೆಳಗಡೆ ಕೋಕ್ (ಕಲ್ಲಿದ್ದಲಿನಿಂದ ಮಾಡಿದ, ಅದಿರಿನ ಜೊತೆ ಹಾಕುವ ಉರುವಲು) ನೇರವಾಗಿ ಸ್ವಲ್ಪ ಆಮ್ಲಜನಕವನ್ನು ಕೀಳುವುದರಿಂದಲೂ ಹೈಡ್ರೋಜನ್ ಕೂಡ ಕೈಜೋಡಿಸುವುದರಿಂದಲೂ ನಿಜವಾದ ಅಂಕಿ ಆಚೀಚೆ ಆಗುತ್ತದೆ, ಅದನ್ನು ಹತ್ತನೆಯ ತರಗತಿಗೆ ತರಬೇಕಿಲ್ಲ.

ಉಳಿದ ಅನಿಲ ಹಾಳಾಗುವುದಿಲ್ಲ ಎಂಬುದನ್ನು ಆ ಹುಡುಗನ ತಂದೆಯೇ ಹೇಳಿದ್ದಾರೆ. ಒತ್ತಡದ ಬಗ್ಗೆಯೂ ಒಂದು ಮಾತು: ಈಗಿನ ದೊಡ್ಡ ಕುಲುಮೆಗಳ ತಲೆಯಲ್ಲಿ ಒತ್ತಡ ಇಟ್ಟೇ ನಡೆಸುತ್ತಾರೆ, ಆದರೆ ಅದು ಸಮತೋಲನವನ್ನು ಸರಿಸುವುದಕ್ಕಲ್ಲ. ಒತ್ತಿದ ಅನಿಲ ಕಡಿಮೆ ಜಾಗ ಹಿಡಿದು ನಿಧಾನವಾಗಿ ಏರುವುದರಿಂದ, ಒಳಗಿನ ಅದಿರು ಮತ್ತು ಕೋಕನ್ನು ಎತ್ತಿ ಹಾಕದಂತೆ ಹೆಚ್ಚು ಗಾಳಿಯನ್ನು ಊದಬಹುದು, ಹೆಚ್ಚು ಕಬ್ಬಿಣ ತೆಗೆಯಬಹುದು.

ಉತ್ತರ — ಸುಣ್ಣಗಾರರ ಮನೆಯವನು, ಕುಷ್ಟಗಿ ತಾಲ್ಲೂಕು

ಸುಣ್ಣದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ, ರಸಾಯನಶಾಸ್ತ್ರ ನಾನು ಓದಿದವನಲ್ಲ. ನಮ್ಮ ಅಜ್ಜ ಎರೆ ಹೊಲಗಳಲ್ಲಿ ಸಿಗುವ ಸುಣ್ಣದ ಹರಳನ್ನು ಆಯ್ದು ತಂದು ಭಟ್ಟಿ ಹಾಕುತ್ತಿದ್ದರು. ಕುಳ್ಳು, ಇದ್ದಿಲು ಒಂದು ಪದರ, ಹರಳು ಒಂದು ಪದರ, ಹೀಗೆ ಪೇರಿಸಿ ಕೆಳಗೆ ಗಾಳಿ ಹೊಗಲು ಕಂಡಿ ಬಿಡುತ್ತಿದ್ದರು. ಮೇಷ್ಟ್ರು ಹೇಳಿದಂತೆ ಕಲ್ಲೆಲ್ಲ ಸುಣ್ಣವಾಗುತ್ತದೆ ಎಂಬುದು ಭಟ್ಟಿ ಚೆನ್ನಾಗಿ ಬಿದ್ದಾಗ ಮಾತ್ರ ನಿಜ. ಹರಳಿನ ಜೊತೆ ಪುಡಿ, ಮಣ್ಣು ಹೆಚ್ಚು ಬಿದ್ದು ಗಾಳಿಯಾಟ ಕಟ್ಟಿದರೆ, ಬೆಂಕಿ ಎಷ್ಟು ಹೊತ್ತು ಉರಿದರೂ ಕಲ್ಲು ಒಳಗೆ ಹಸಿಯಾಗಿಯೇ ಉಳಿಯುತ್ತಿತ್ತು. ಅಜ್ಜ ಸುಟ್ಟ ಕಲ್ಲನ್ನು ಕೈಯಲ್ಲಿ ಹಿಡಿದು ಹಗುರವಿದ್ದರೆ ಬುಟ್ಟಿಗೆ, ಭಾರವಿದ್ದರೆ ಪಕ್ಕಕ್ಕೆ ಹಾಕುತ್ತಿದ್ದರು. ನೀರು ಹಾಕಿದಾಗ ಬೆಂದ ಕಲ್ಲು ಬುಸುಗುಟ್ಟಿ ಬಿರಿದು ಹೂವಿನಂತೆ ಅರಳುತ್ತದೆ. ಹಸಿ ಕಲ್ಲಿನ ನಡುವಿನ ಗಟ್ಟಿ ಮಾತ್ರ ತಳದಲ್ಲಿ ಹಾಗೆಯೇ ಕೂತಿರುತ್ತದೆ. ಸುಟ್ಟ ಸುಣ್ಣವನ್ನು ಮುಚ್ಚದೆ ಬಹಳ ದಿನ ಬಿಟ್ಟರೆ ಸತ್ವ ಹೋಗುತ್ತದೆ ಎಂದೂ ಹೇಳುತ್ತಿದ್ದರು. ಇದಕ್ಕೂ ನಿಮ್ಮ ಸಮತೋಲನಕ್ಕೂ ಸಂಬಂಧವಿದೆಯೇ?

ಉತ್ತರ — ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ರಾಯಚೂರು

ಸಂಬಂಧವಿದೆ ಎಂದಷ್ಟೇ ಹೇಳಿದರೆ ಸಾಲದು. ಮೇಷ್ಟ್ರ ಪ್ರಶ್ನೆಯ ಎರಡನೆಯ ಅರ್ಧಕ್ಕೆ ನಿಮ್ಮ ಅಜ್ಜನವರ ಕಂಡಿಯೇ ಉತ್ತರ. ಸುಣ್ಣದ ಕಲ್ಲು ಕಾದಾಗ ಸುಣ್ಣವೂ ಕಾರ್ಬನ್ ಡೈಆಕ್ಸೈಡೂ ಆಗುತ್ತವೆ, ಸುಣ್ಣ ಆ ಅನಿಲವನ್ನು ಮತ್ತೆ ಹೀರಿ ಕಲ್ಲೂ ಆಗಬಲ್ಲದು. ಇಲ್ಲಿ ಕಲ್ಲೂ ಸುಣ್ಣವೂ ಎರಡೂ ಘನವಸ್ತುಗಳಾದ್ದರಿಂದ ಅವು ಎಷ್ಟಿವೆ ಎಂಬುದು ಸಮತೋಲನದ ಲೆಕ್ಕಕ್ಕೆ ಬರುವುದೇ ಇಲ್ಲ. ಲೆಕ್ಕಕ್ಕೆ ಬರುವುದು ಸುತ್ತಲಿನ ಕಾರ್ಬನ್ ಡೈಆಕ್ಸೈಡಿನ ಒತ್ತಡ ಒಂದೇ. ಪ್ರತಿಯೊಂದು ಶಾಖಕ್ಕೂ ಒಂದು ನಿಶ್ಚಿತ ಒತ್ತಡವಿದೆ: ಸುತ್ತಲಿನ ಅನಿಲ ಅದಕ್ಕಿಂತ ಕಡಿಮೆಯಿದ್ದರೆ ಕಲ್ಲು ಒಡೆಯುತ್ತದೆ, ಹೆಚ್ಚಿದ್ದರೆ ಸುಣ್ಣ ಕಲ್ಲಾಗುತ್ತದೆ. ಆ ಒತ್ತಡ 800 ಡಿಗ್ರಿಯಲ್ಲಿ ವಾತಾವರಣದ ಒತ್ತಡದ ಕಾಲು ಭಾಗದಷ್ಟು, 900 ಡಿಗ್ರಿಯ ಹತ್ತಿರದಲ್ಲಿ ವಾತಾವರಣದಷ್ಟೇ ಆಗುತ್ತದೆ.

ಮುಚ್ಚಿದ ಗಟ್ಟಿ ಪಾತ್ರೆಯಲ್ಲಿ ಕಲ್ಲನ್ನು ಕಾಯಿಸಿದರೆ ಅನಿಲ ಆ ಒತ್ತಡಕ್ಕೆ ಏರಿದೊಡನೆ ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ, ಕಲ್ಲು ಎಷ್ಟೇ ಉಳಿದಿರಲಿ. ಭಟ್ಟಿಯಲ್ಲಿ ಕೆಳಗಿನ ಕಂಡಿಯಿಂದ ಹೊಕ್ಕ ಗಾಳಿ ಅನಿಲವನ್ನು ಎತ್ತಿಕೊಂಡು ಮೇಲಕ್ಕೆ ಹೋಗುತ್ತಲೇ ಇರುತ್ತದೆ. ಸಮತೋಲನ ಬರಲು ಬಿಡುವುದೇ ಇಲ್ಲ, ಆದ್ದರಿಂದ ಕ್ರಿಯೆ ಕೊನೆ ಮುಟ್ಟುತ್ತದೆ. ಉರುವಲಿನ ಹೊಗೆಯಲ್ಲೂ ಅದೇ ಅನಿಲ ಇರುವುದರಿಂದ ಗಾಳಿಯಾಟ ಕಟ್ಟಿದರೆ ಎರಡು ಕಡೆಯಿಂದಲೂ ಏಟು: ಬೆಂಕಿಯ ಕಾವೂ ಇಳಿಯುತ್ತದೆ, ಅನಿಲವೂ ಅಲ್ಲೇ ನಿಲ್ಲುತ್ತದೆ. ಕಲ್ಲಿನ ನಡುಭಾಗಕ್ಕೆ ಶಾಖ ಕೊನೆಗೆ ತಲುಪುತ್ತದೆ, ಅಲ್ಲಿ ಹುಟ್ಟಿದ ಅನಿಲ ಹೊರಬರಲು ದಾರಿಯೂ ಉದ್ದ, ಆದ್ದರಿಂದ ಹಸಿ ಉಳಿದರೆ ಅಲ್ಲೇ ಉಳಿಯುತ್ತದೆ. ಕೈಗೆ ಹಗುರವೆನಿಸುವುದಕ್ಕೆ ಕಾರಣ, 100 ಕಿಲೋ ಶುದ್ಧ ಕಲ್ಲಿನಲ್ಲಿ 44 ಕಿಲೋ ಅನಿಲವಾಗಿ ಹೋಗಿ ಉಳಿಯುವುದು 56 ಕಿಲೋ ಮಾತ್ರ. ಅಜ್ಜನವರ ಕೈ ಒಳ್ಳೆಯ ತಕ್ಕಡಿಯಾಗಿತ್ತು.

ಸತ್ವ ಹೋಗುವುದೂ ಇದೇ ಕಥೆಯ ಹಿಮ್ಮುಖ. ನಾವು ಉಸಿರಾಡುವ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇಕಡಾ 0.04ರಷ್ಟಿದೆ. ಸುಮಾರು 550 ಡಿಗ್ರಿಗಿಂತ ಕೆಳಗೆ ಆ ಅಲ್ಪ ಪ್ರಮಾಣವೇ ಸಮತೋಲನದ ಒತ್ತಡಕ್ಕಿಂತ ಹೆಚ್ಚಾಗುತ್ತದೆ, ರಾಯಚೂರಿನ ಬೇಸಗೆಯನ್ನೂ ಸೇರಿಸಿ ನಮ್ಮ ಯಾವ ಬಿಸಿಲೂ ಅದರ ಹತ್ತಿರ ಸುಳಿಯುವುದಿಲ್ಲ. ಆದ್ದರಿಂದ ಭಟ್ಟಿಯಿಂದ ಹೊರಬಿದ್ದ ಸುಣ್ಣ ಮೊದಲು ಗಾಳಿಯ ತೇವ ಹೀರಿ ಅರಳುತ್ತದೆ, ನಂತರ ಕಾರ್ಬನ್ ಡೈಆಕ್ಸೈಡ್ ಹೀರಿ ಕಲ್ಲಿನ ಪುಡಿಯಾಗುತ್ತದೆ. ಗೋಡೆಗೆ ಬಳಿದ ಸುಣ್ಣ ಎರಡು ಮೂರು ದಿನಗಳಲ್ಲಿ ಬಿಗಿದು ಹೊಳೆಯುವುದೂ ಇದರಿಂದಲೇ. ಎಷ್ಟರ ಮಟ್ಟಿಗೆ ಆಗುತ್ತದೆ ಎಂಬುದನ್ನು ಸಮತೋಲನ ಹೇಳುತ್ತದೆ, ಎಷ್ಟು ದಿನಕ್ಕೆ ಆಗುತ್ತದೆ ಎಂಬುದನ್ನು ಹೇಳುವುದಿಲ್ಲ. ಮೇಷ್ಟ್ರ ಮೊದಲ ಉತ್ತರದಲ್ಲಿ ಈ ಎರಡು ಬೆರೆತುಹೋಗಿದ್ದವು.

ಪ್ರಶ್ನೆ ಕೇಳಿದವರು — ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಸಂಡೂರು ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಹುಣಸೆ ಬೀಜದ ಆಟ ಆಡಿಸಿದೆ. ನೂರೂ ಬೀಜ ಮೊದಲ ಗುಂಪಿನಲ್ಲಿಟ್ಟು ಶುರು ಮಾಡಿದಾಗ ಎರಡನೆಯ ಗುಂಪಿನಲ್ಲಿ 15, 23, 27, 29, 30 ಎಂದು ಏರಿ ಐದನೆಯ ಸುತ್ತಿಗೆ 30ರಲ್ಲಿ ನಿಂತಿತು. ಆಮೇಲೆ ಪ್ರತಿ ಸುತ್ತಿಗೂ ಹನ್ನೊಂದು ಬೀಜ ಆ ಕಡೆ, ಹನ್ನೊಂದು ಬೀಜ ಈ ಕಡೆ. "ಇನ್ನೂ ಹತ್ತು ಸುತ್ತು ಆಡಿಸಲೇ, ಕುಲುಮೆ ಎತ್ತರಿಸಿದ ಹಾಗೆ?" ಎಂದು ನಮ್ಮ ಹುಡುಗನನ್ನೇ ಕೇಳಿದೆ. "ಬೇಡ ಸರ್, ಕೈ ನೋವಷ್ಟೇ" ಎಂದ. ಹಿಂದಿನಿಂದ, ಅಂದರೆ ನೂರೂ ಬೀಜ ಎರಡನೆಯ ಗುಂಪಿನಲ್ಲಿಟ್ಟು ಆಡಿಸಿದರೆ 65, 47, 39, 34, 32, 31 ಎಂದು ಇಳಿದು ಏಳನೆಯ ಸುತ್ತಿಗೆ ಅದೇ 30ಕ್ಕೆ ಬಂತು. ಎರಡೂ ಕಡೆಯಿಂದ ಬಂದು ಒಂದೇ ಕಡೆ ನಿಲ್ಲುತ್ತದೆ ಎಂಬುದು ನನಗೂ ಮೊದಲ ಬಾರಿ ಕಣ್ಣಿಗೆ ಕಂಡದ್ದು.

ಕೊನೆಗೆ ಭಟ್ಟಿಯ ಆಟ. ಗೊಣಗುವ ಸ್ವಭಾವದ ಒಬ್ಬ ಹುಡುಗನನ್ನು ಗಾಳಿಯೆಂದು ನೇಮಿಸಿ, ಎರಡನೆಯ ಗುಂಪಿಗೆ ಬಂದ ಬೀಜವನ್ನೆಲ್ಲ ಪ್ರತಿ ಸುತ್ತಿನಲ್ಲೂ ಜೇಬಿಗೆ ಹಾಕಿಕೊಳ್ಳಲು ಹೇಳಿದೆ. ಮೊದಲ ಗುಂಪಿನ ನೂರು 85 ಆಗಿ, 72 ಆಗಿ, ಹದಿನಾಲ್ಕನೆಯ ಸುತ್ತಿಗೆ 10ಕ್ಕೆ ಇಳಿದಿತ್ತು, ಅಷ್ಟರಲ್ಲಿ ಗಂಟೆ ಹೊಡೆಯಿತು. ನಮ್ಮ ಹುಡುಗ ಬಾಗಿಲಲ್ಲಿ ನಿಂತು ಇನ್ನೊಂದು ಪ್ರಶ್ನೆ ಬಿಟ್ಟುಹೋಗಿದ್ದಾನೆ: "ಹಾಗಾದರೆ ಕುಲುಮೆಗೂ ಒಬ್ಬ ಜೇಬಿನವನನ್ನು ಇಟ್ಟರೆ?"

ಉತ್ತರ — ಉಕ್ಕು ಸ್ಥಾವರದ ಶಿಫ್ಟ್ ಎಂಜಿನಿಯರ್, ತೋರಣಗಲ್ಲು

ಅವನ ತಂದೆಗೆ ನನ್ನ ಅಭಿನಂದನೆ ತಿಳಿಸಿರಿ. ಜೇಬಿನವನು ಕುಲುಮೆಯ ಒಳಗೆ ಆಗಲೇ ಒಬ್ಬನಿದ್ದಾನೆ, ಅವನು ಕೋಕ್. ಸುಮಾರು 1000 ಡಿಗ್ರಿಯ ಮೇಲೆ ಬಿಸಿ ಕೋಕ್ ಕಾರ್ಬನ್ ಡೈಆಕ್ಸೈಡನ್ನು ಹಿಡಿದು ಒಂದಕ್ಕೆ ಎರಡು ಮಾನಾಕ್ಸೈಡ್ ಮಾಡಿ ಮರಳಿ ಕಳುಹಿಸುತ್ತದೆ, ಅದಕ್ಕಾಗಿಯೇ ಕುಲುಮೆಯ ಕೆಳಭಾಗದಲ್ಲಿ ಡೈಆಕ್ಸೈಡ್ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ಆ ಕೆಲಸಕ್ಕೆ ಕೋಕ್ ಖರ್ಚಾಗುತ್ತದೆ, ಶಾಖವೂ ಬಹಳ ಬೇಕಾಗುತ್ತದೆ. ಮೇಲೆ ಹೋದಂತೆ ಶಾಖ ಇಳಿದು ಕೋಕ್ ಆ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಹುಡುಗ ಕೇಳಿದ್ದು ಹೊರಗಿನ ಜೇಬನ್ನಾದರೆ ಅದನ್ನೂ ಪ್ರಯತ್ನಿಸಿದ್ದಾರೆ: ತಲೆಯ ಅನಿಲದಿಂದ ಡೈಆಕ್ಸೈಡನ್ನು ಬೇರ್ಪಡಿಸಿ, ಉಳಿದ ಮಾನಾಕ್ಸೈಡನ್ನು ಕಾಯಿಸಿ ಮತ್ತೆ ಕುಲುಮೆಗೆ ಊದುವುದು. 2007ರಲ್ಲಿ ಸ್ವೀಡನ್ನಿನ ಲೂಲಿಯೊ ಎಂಬಲ್ಲಿನ ಪ್ರಾಯೋಗಿಕ ಕುಲುಮೆಯಲ್ಲಿ ಇದನ್ನು ನಡೆಸಿ ನೋಡಿದರು. ಅದಕ್ಕೆ ಬಿಸಿಗಾಳಿಯ ಬದಲು ಆಮ್ಲಜನಕವನ್ನು ಊದಬೇಕು, ಇಲ್ಲದಿದ್ದರೆ ಗಾಳಿಯ ನೈಟ್ರೋಜನ್ ಸುತ್ತಿ ಸುತ್ತಿ ತುಂಬಿಕೊಳ್ಳುತ್ತದೆ. ಅನಿಲ ಬೇರ್ಪಡಿಸುವುದಕ್ಕೂ ಮತ್ತೆ ಕಾಯಿಸುವುದಕ್ಕೂ ತಗಲುವ ಖರ್ಚೇ ಅಲ್ಲಿನ ದೊಡ್ಡ ತೊಡಕು. ಹುಡುಗ ಪಿ.ಯು.ಸಿ. ಮುಗಿಸಿದ ಮೇಲೆ ಲೋಹಶಾಸ್ತ್ರ ಓದುವ ಮನಸ್ಸು ಮಾಡಿದರೆ, ಈ ಲೆಕ್ಕವನ್ನು ಅವನೇ ಮುಂದುವರಿಸಲಿ.